ಸೋಚಿಯಲ್ಲಿ ಒಂದು ನಿಮಿಷ

2014ರ ನವೆಂಬರ್ 15. ರಷ್ಯಾದ ಸೋಚಿಯಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಆರನೇ ಆಟ. ಬಿಳಿ ಕಾಯಿ ಮ್ಯಾಗ್ನಸ್ ಕಾರ್ಲ್‌ಸನ್ ಅವರದು, ಕಪ್ಪು ವಿಶ್ವನಾಥನ್ ಆನಂದ್ ಅವರದು. 26ನೇ ನಡೆಗೆ ಕಾರ್ಲ್‌ಸನ್ ತಮ್ಮ ರಾಜನನ್ನೆತ್ತಿ ಓರೆಯಾಗಿ ಒಂದು ಮನೆ ಮುಂದಿಟ್ಟರು. ಗಡಿಯಾರ ಒತ್ತಿದರು. ಜಗತ್ತಿನ ನಂಬರ್ ಒನ್ ಆಟಗಾರ ಆಡುವ ನಡೆಯೇ ಅಲ್ಲ ಅದು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಹುಡುಗನೊಬ್ಬ ಆಡಿದ್ದರೂ ಕೋಚ್ ತಲೆ ಚಚ್ಚಿಕೊಳ್ಳುತ್ತಿದ್ದರು. ಒಂದು ನಿಮಿಷದಷ್ಟು ಹೊತ್ತು ಕಳೆಯಿತು. ಆನಂದ್ ಅಂಚಿನಲ್ಲಿದ್ದ ಪಾನ್ ಅನ್ನು ಒಂದು ಮನೆ ಮುಂದಕ್ಕೆ ತಳ್ಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಇಲ್ಲಿ ನಡೆದದ್ದು ಅದಕ್ಕಿಂತ ವಿಚಿತ್ರ. ತುತ್ತು ಕೈಯಲ್ಲಿದೆ ಎಂಬುದೇ ಉಣ್ಣಬೇಕಾದವರಿಗೆ ತಿಳಿಯಲಿಲ್ಲ.

ಆಟವನ್ನು ಕಂಪ್ಯೂಟರ್ ಮುಂದಿಟ್ಟುಕೊಂಡು ನೋಡುತ್ತಿದ್ದವರಿಗೆಲ್ಲ ಆ ನಿಮಿಷದಲ್ಲಿ ವಿಷಯ ಗೊತ್ತಾಗಿಹೋಗಿತ್ತು. ಆಟ ಸರಿಯಾಗಿ ಬಾರದವರಿಗೂ ಗೊತ್ತಾಗಿತ್ತು. ತಪ್ಪು ಮಾಡಿದ ಕಾರ್ಲ್‌ಸನ್ ಅವರಿಗೂ ಗೊತ್ತಾಗಿತ್ತು. ಗೊತ್ತಾಗದೆ ಉಳಿದವರು ಒಬ್ಬರೇ, ಗೊತ್ತಾಗಲೇಬೇಕಿದ್ದವರು.

ಅದು ಎಂಥ ಹೊತ್ತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಒಂದು ವರ್ಷದ ಹಿಂದೆ, 2013ರ ನವೆಂಬರ್‌ನಲ್ಲಿ, ತಮ್ಮದೇ ಊರು ಚೆನ್ನೈಯಲ್ಲಿ ಆನಂದ್ ವಿಶ್ವ ಚಾಂಪಿಯನ್ ಪಟ್ಟವನ್ನು ಕಾರ್ಲ್‌ಸನ್‌ಗೆ ಬಿಟ್ಟುಕೊಟ್ಟಿದ್ದರು. ಹತ್ತು ಆಟಗಳಲ್ಲಿ ಮೂರು ಸೋಲು, ಒಂದೂ ಗೆಲುವಿಲ್ಲ. ಇನ್ನು ಇವರ ಕಾಲ ಮುಗಿಯಿತು ಎಂದು ಬರೆದವರೇ ಹೆಚ್ಚು. ಆದರೆ 2014ರ ಮಾರ್ಚ್‌ನಲ್ಲಿ ಸೈಬೀರಿಯಾದ ಖಾಂತಿ-ಮನ್ಸಿಸ್ಕ್‌ನಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯ 14 ಸುತ್ತುಗಳಲ್ಲಿ ಒಂದನ್ನೂ ಸೋಲದೆ ಗೆದ್ದು, ಅದೇ ಕಾರ್ಲ್‌ಸನ್ ಎದುರು ಮತ್ತೆ ಕೂರುವ ಹಕ್ಕನ್ನು ಅವರು ಸಂಪಾದಿಸಿಕೊಂಡರು. ಆಗ ಆನಂದ್‌ಗೆ 44 ವರ್ಷ, ಕಾರ್ಲ್‌ಸನ್‌ಗೆ 23. ಸೋಚಿಯಲ್ಲಿ ಎರಡನೇ ಆಟ ಕಾರ್ಲ್‌ಸನ್‌ಗೆ ಹೋಯಿತು, ಮೂರನೆಯದು ಆನಂದ್‌ಗೆ ಬಂತು, ಉಳಿದವು ಡ್ರಾ. ಆರನೇ ಆಟಕ್ಕೆ ಕೂತಾಗ ಇಬ್ಬರದೂ ಎರಡೂವರೆ ಪಾಯಿಂಟ್. ಹನ್ನೆರಡು ಆಟಗಳ ಪಂದ್ಯದ ನಟ್ಟನಡು.

ಇನ್ನು ಆ ಸ್ಥಿತಿ. ಒಂಬತ್ತನೇ ನಡೆಗೇ ರಾಣಿಗಳು ಹಲಗೆಯಿಂದ ಇಳಿದಿದ್ದವು. ಮೈದಾನ ತೆರವಾಗಿ, ಆಟ ನಿಧಾನದ ಹಿಸುಕಾಟಕ್ಕೆ ತಿರುಗಿತ್ತು. ಕಾರ್ಲ್‌ಸನ್‌ಗೆ ಬಹಳ ಇಷ್ಟವಾದ ಬಗೆ ಅದು: ದೊಡ್ಡದೇನೂ ಇಲ್ಲ, ಆದರೆ ಎಲ್ಲ ಸಣ್ಣ ಅನುಕೂಲಗಳೂ ತನ್ನ ಕಡೆ, ಎದುರಾಳಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರಬೇಕು. ಜಿ ಸಾಲಿನಲ್ಲಿ ಬಿಳಿಯ ಆನೆಗೆ ಎದುರಾಗಿ ಕಪ್ಪಿನ ಆನೆ, ಎರಡರ ನಡುವೆ ತಡೆಗೋಡೆಯಂತೆ ಆನಂದ್ ಅವರ ಕುದುರೆ. ಆ ಕುದುರೆ ಎದ್ದು ಹೋದರೆ ಆನೆಗಳು ಮುಖಾಮುಖಿ. ಹಾಗಾಗಿ ಅದು ಕದಲುವಂತಿಲ್ಲ ಎಂದೇ ಎಲ್ಲರ ಲೆಕ್ಕ, ಕಾರ್ಲ್‌ಸನ್ ಅವರದೂ ಅದೇ.

ಇಲ್ಲೊಂದು ಸಣ್ಣ ವಿವರ ನನಗೆ ಬಹಳ ಮುಖ್ಯ ಅನಿಸುತ್ತದೆ. ತಪ್ಪಿಗೆ ಮುಂಚಿನ ಎರಡು ನಡೆಗಳಲ್ಲಿ ಹಲಗೆಯ ಮೇಲೆ ಏನೂ ನಡೆಯಲಿಲ್ಲ. ನಿಜಕ್ಕೂ ಏನೂ ಇಲ್ಲ. ಕಾರ್ಲ್‌ಸನ್ ಒಂಟೆಯನ್ನು ಒಂದು ಮನೆ ಹಿಂದಕ್ಕೆ ಕಳಿಸಿ ಮರುನಡೆಯಲ್ಲಿ ಅಲ್ಲಿಗೇ ವಾಪಸ್ ತಂದರು. ಆನಂದ್ ಕೂಡ ಆನೆಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ಇದ್ದಲ್ಲಿಗೇ ತಂದಿಟ್ಟರು. 23ನೇ ನಡೆ ಮುಗಿದಾಗ ಇದ್ದ ಚಿತ್ರವೇ 25ನೇ ನಡೆ ಮುಗಿದಾಗಲೂ ಇತ್ತು, ಒಂದು ಪಾನ್ ಕೂಡ ಅಲುಗಿರಲಿಲ್ಲ. ಒಬ್ಬರು ಇನ್ನೊಬ್ಬರ ತಾಳ್ಮೆ ನೋಡುತ್ತಿದ್ದರು, ಅಷ್ಟೆ. ಇಂಥ ಹೊತ್ತಿನಲ್ಲೇ ಮನಸ್ಸು ಕಾವಲು ಬಿಡುವುದು. ಬಿರುಗಾಳಿ ಎದ್ದಾಗ ಯಾರೂ ನಿದ್ದೆ ಮಾಡುವುದಿಲ್ಲ. ಏನೂ ಬದಲಾಗಿಲ್ಲ ಎಂದು ಕಣ್ಣು ಎರಡು ಸಲ ವರದಿ ಕೊಟ್ಟ ಮೇಲೆ ಮೂರನೇ ಸಲ ನೋಡುವ ಗೋಜಿಗೆ ಮನಸ್ಸು ಹೋಗುವುದಿಲ್ಲ.

ಆಗ ಕಾರ್ಲ್‌ಸನ್ ರಾಜನನ್ನು ನಡುವಿನ ಕಡೆಗೆ ನಡೆಸಲು ತೀರ್ಮಾನಿಸಿದರು. ಯೋಚನೆ ಸರಿಯೇ ಇತ್ತು. ಸಿ1ರಿಂದ ಹೊರಟ ರಾಜ ಡಿ1ರ ಮೂಲಕ ಹೋಗಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಅವರು ಡಿ2ರ ಮೂಲಕ ಹೊರಟರು. ಅಕ್ಕಪಕ್ಕದ ಎರಡು ಮನೆ, ಮುಟ್ಟಬೇಕಾದ ಜಾಗ ಒಂದೇ. ಆದರೆ ಡಿ2ರಲ್ಲಿ ನಿಂತ ರಾಜನಿಗೆ ಸಿ4ರಿಂದ ಕುದುರೆ ಚೆಕ್ ಕೊಡಬಲ್ಲದು. ಇಡೀ ಕಥೆ ಇಷ್ಟೇ. ಕದಲಬಾರದ ಆ ಕುದುರೆ ಎದ್ದು ಇ5ರ ಪಾನ್ ಹೊಡೆಯುತ್ತದೆ. ಬಿಳಿಯ ಆನೆ ಸಂತೋಷದಿಂದ ಕಪ್ಪಿನ ಆನೆಯನ್ನು ಕಡಿಯುತ್ತದೆ. ಆಗ ಕುದುರೆ ಇನ್ನೂ ಒಂದು ಪಾನ್ ಹೊಡೆದು ಚೆಕ್ ಹೇಳುತ್ತದೆ. ಚೆಕ್ ಬಂದ ಮೇಲೆ ಬೇರೆಲ್ಲ ಕೆಲಸ ಬಿಟ್ಟು ರಾಜನನ್ನು ಸರಿಸಲೇಬೇಕು. ರಾಜ ಕುದುರೆಯ ಮೇಲೇ ಏರಿಹೋದರೆ ಅದು ಬಿ2ಕ್ಕೆ ಹಾರಿ ಇನ್ನೊಂದು ಚೆಕ್ ಕೊಡುತ್ತದೆ. ಈ ಗದ್ದಲದ ಕೊನೆಗೆ ಕಪ್ಪಿನ ಎರಡನೇ ಆನೆ ಆರಾಮವಾಗಿ ಬಿಳಿ ಆನೆಯನ್ನು ಹೊಡೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಆನಂದ್‌ಗೆ ಎರಡು ಪಾನ್ ಲಾಭ. ಆ ಮಟ್ಟದ ಆಟದಲ್ಲಿ ಎರಡು ಪಾನ್ ಎಂದರೆ ಬಹುತೇಕ ಗೆದ್ದಂತೆಯೇ. ಆನೆಯಂಥಾದ್ದೂ ಮುಗ್ಗರಿಸುತ್ತೆ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ತೋರಿಸಿಕೊಡುವ ಆಟ ಇನ್ನೊಂದಿರಲಾರದು.

ನಡೆ ಆಡಿದ ಕೂಡಲೇ ತನಗೆ ತಪ್ಪು ಕಂಡಿತು ಎಂದು ಕಾರ್ಲ್‌ಸನ್ ಆಮೇಲೆ ಹೇಳಿದರು. ಇದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಪತ್ರಿಕೆಯಲ್ಲಿ ಕೆಲಸ ಮಾಡುವವರನ್ನು ಕೇಳಿ: ಪುಟದ ಪ್ರೂಫನ್ನು ಮೂರು ಜನ ಓದಿದಾಗ ಅಡಗಿ ಕೂತಿದ್ದ ಕಾಗುಣಿತದ ತಪ್ಪು, ಬೆಳಗ್ಗೆ ಅಚ್ಚಾದ ಪತ್ರಿಕೆ ಬಿಡಿಸಿದ ತಕ್ಷಣ ಮೊಟ್ಟಮೊದಲು ಕಣ್ಣಿಗೆ ಹೊಡೆಯುತ್ತದೆ. ಅಕ್ಷರ ಅದೇ, ಕಣ್ಣು ಅದೇ. ಬದಲಾದದ್ದು ಓದುವವನ ಸ್ಥಾನ. ರಾತ್ರಿ ಅದು ಅವನು ಮುಗಿಸಬೇಕಿದ್ದ ಕೆಲಸವಾಗಿತ್ತು, ಬೆಳಗ್ಗೆ ಇನ್ನೊಬ್ಬರ ಕೈಗೆ ಹೋದ ವಸ್ತು. ಚೆಸ್‌ನಲ್ಲಿ ಇದಕ್ಕೆ ಇಡೀ ರಾತ್ರಿ ಬೇಕಿಲ್ಲ. ಕಾಯಿಯಿಂದ ಬೆರಳು ಎತ್ತಿದ ಕ್ಷಣವೇ ಆಟಗಾರ ಎದುರಾಳಿಯ ಕುರ್ಚಿಗೆ ಹೋಗಿ ಕೂತು ಹಲಗೆಯನ್ನು ಆ ಕಡೆಯಿಂದ ನೋಡುತ್ತಾನೆ. ಆದರೆ ಅಷ್ಟರಲ್ಲಿ ಅಟ್ಟ ಮೇಲೆ ಒಲೆ ಉರಿದಂತೆ.

ಹಾಗೆ ನೋಡಿದ ಕಾರ್ಲ್‌ಸನ್ ಮುಂದಿನ ಒಂದು ನಿಮಿಷವನ್ನು ಹೇಗೆ ಕಳೆದಿರಬೇಕು! ಆಟದ ಅತಿ ಕಷ್ಟದ ಕೆಲಸ ಅದೇ ಇರಬಹುದು. ಮುಖದಲ್ಲಿ ಒಂದು ಗೆರೆ ಹೆಚ್ಚಾಗಬಾರದು, ಕಮ್ಮಿಯೂ ಆಗಬಾರದು. ಎದ್ದು ಹೋದರೆ ಎದುರಿನವರಿಗೆ ಸಂಶಯ, ಕೂತಲ್ಲೇ ಬಿಗಿಯಾದರೂ ಸಂಶಯ. ಇದು ಮೋಸವೇ ಎಂದು ಕೆಲವರು ಕೇಳುವುದುಂಟು. ಅಲ್ಲ. ಹಲಗೆಯ ಮೇಲಿರುವುದೆಲ್ಲ ಇಬ್ಬರಿಗೂ ಸಮವಾಗಿ ತೆರೆದೇ ಇದೆ. ಮುಚ್ಚಿಟ್ಟದ್ದು ಒಂದೂ ಇಲ್ಲ. ತನ್ನ ತಪ್ಪನ್ನು ತಾನೇ ಕೂಗಿ ಹೇಳಬೇಕು ಎಂಬ ನಿಯಮ ಯಾವ ಆಟದಲ್ಲೂ ಇಲ್ಲ. ಆನಂದ್ ಪಾನ್ ತಳ್ಳಿದ ಮೇಲೆ ಮಾತ್ರ ಕಾರ್ಲ್‌ಸನ್ ತಲೆಯನ್ನು ಕೈಗಳಲ್ಲಿ ಹುದುಗಿಸಿಕೊಂಡರು. ಗೆಲ್ಲುವವರು ಹಾಗೆ ಕೂರುವುದಿಲ್ಲ. ಲಾರಿ ಪಕ್ಕದಿಂದ ಸವರಿಕೊಂಡು ಹೋದ ಮೇಲೆ ಮೈಲಿಗಲ್ಲಿನ ಮೇಲೆ ಕುಸಿದು ಕೂತವರು ಹಾಗೆ ಕೂರುತ್ತಾರೆ.

ಆನಂದ್‌ಗೆ ಯಾಕೆ ಕಾಣಲಿಲ್ಲ? ವಯಸ್ಸು ಎಂದು ಒಂದೇ ಪದದಲ್ಲಿ ಮುಗಿಸಿದವರುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದೇ ವಯಸ್ಸಿನಲ್ಲೇ ಅವರು ಕ್ಯಾಂಡಿಡೇಟ್ಸ್ ಗೆದ್ದು ಬಂದಿದ್ದರು. ಅಲ್ಲದೆ ಕೈಯಲ್ಲಿ ಕಾಯಿ ಹಿಡಿದಿದ್ದಾಗ 23ರ ಹುಡುಗನಿಗೂ ಅದು ಕಂಡಿರಲಿಲ್ಲವಲ್ಲ.

ಕಾರಣ ಹಲಗೆಯ ಮೇಲೇ ಇದೆ. 23ನೇ ನಡೆಯಲ್ಲಿ ಆನಂದ್ ಎ ಸಾಲಿನ ಪಾನ್ ಅನ್ನು ಐದನೇ ಮನೆಗೆ ತಂದಿದ್ದರು. ಅದನ್ನು ನಾಲ್ಕಕ್ಕೆ, ಅಲ್ಲಿಂದ ಮೂರಕ್ಕೆ ಇಳಿಸುವ ಯೋಜನೆ ಆಗಲೇ ಸಿದ್ಧವಾಗಿತ್ತು. ನಡುವೆ ಎರಡು ನಡೆ ಕಾದರು. ಕಾರ್ಲ್‌ಸನ್ ರಾಜನನ್ನು ಸರಿಸಿದಾಗ ಆನಂದ್ ಕೇಳಿಕೊಂಡ ಪ್ರಶ್ನೆ ‘ಈಗ ಪಾನ್ ತಳ್ಳಬಹುದೇ’ ಎಂಬುದೇ ಇರಬೇಕು. ಆ ಪ್ರಶ್ನೆಗೆ ಉತ್ತರ ಹೌದು, ತಳ್ಳಬಹುದು. ಉತ್ತರದಲ್ಲಿ ತಪ್ಪಿರಲಿಲ್ಲ, ಪ್ರಶ್ನೆ ಹಳೆಯದಾಗಿತ್ತು.

ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಅದೂ ಚೆಸ್ ಆಟಗಾರರನ್ನೇ ಕೂರಿಸಿಕೊಂಡು. 2008ರಲ್ಲಿ ಮೆರಿಮ್ ಬಿಲಾಲಿಚ್, ಪೀಟರ್ ಮ್ಯಾಕ್‌ಲಿಯೋಡ್, ಫೆರ್ನಾಂಡ್ ಗೋಬೆ ಪ್ರಕಟಿಸಿದ ಪ್ರಯೋಗ ಅದು. ಆಟಗಾರರ ಮುಂದೆ ಒಂದು ಸ್ಥಿತಿ ಇಟ್ಟರು. ಅದರಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಗೆಲ್ಲುವ ದಾರಿ ಇತ್ತು, ಅದಕ್ಕಿಂತ ಚಿಕ್ಕದಾದ ಇನ್ನೊಂದು ದಾರಿಯೂ ಇತ್ತು. ಕಣ್ಣು ಎಲ್ಲಿ ನೆಟ್ಟಿದೆ ಎಂದು ಗುರುತಿಸುವ ಉಪಕರಣ ಹಿಡಿದು ನೋಡಿದರು. ಪರಿಚಿತ ದಾರಿ ಕಂಡವರು ‘ಇನ್ನೂ ಒಳ್ಳೆಯದು ಇದೆಯೇ ಎಂದು ಹುಡುಕುತ್ತಿದ್ದೇವೆ’ ಎಂದೇ ಹೇಳುತ್ತಿದ್ದರು, ಹಾಗೆಂದು ನಂಬಿಯೂ ಇದ್ದರು. ಆದರೆ ಅವರ ಕಣ್ಣು ಮಾತ್ರ ಮೊದಲು ಕಂಡ ದಾರಿಯ ಮನೆಗಳಿಗೇ ಮತ್ತೆ ಮತ್ತೆ ಮರಳುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ಇದರಲ್ಲಿ ಭಯ ಹುಟ್ಟಿಸುವ ಅಂಶ. ನಾನು ಎಲ್ಲ ಬದಿಯಿಂದಲೂ ಯೋಚಿಸಿದ್ದೇನೆ ಎಂದು ಮನೆಯಲ್ಲೋ ಕಚೇರಿಯಲ್ಲೋ ಯಾರಾದರೂ ಹೇಳಿದಾಗ ಈ ಪ್ರಯೋಗ ನೆನಪಾಗುತ್ತದೆ.

ಇನ್ನೊಂದು ಕಾರಣವೂ ಇತ್ತು, ಅದಕ್ಕೆ ಉಪಕರಣ ಬೇಕಿಲ್ಲ. ಎದುರಿಗೆ ಕೂತಿದ್ದವರು ಕಾರ್ಲ್‌ಸನ್. ಉಡುಗೊರೆ ಸಿಗಬಹುದು ಎಂಬ ನಿರೀಕ್ಷೆಯೇ ಇಲ್ಲದಾಗ, ಸಿಕ್ಕರೂ ಅದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತನ್ನು ಆನಂದ್ ಅಂದೇ ಹೇಳಿದರು. ಬೇರೆ ಯಾರಾದರೂ ಆ ರಾಜನನ್ನು ಅಲ್ಲಿಟ್ಟಿದ್ದರೆ ಆನಂದ್ ಹುಬ್ಬೇರಿಸಿ ಒಮ್ಮೆ ನೋಡುತ್ತಿದ್ದರೋ ಏನೋ. ಅವರು ತಮ್ಮ ಎದುರಾಳಿಯನ್ನು ನಂಬಿದರು. ಇಡೀ ವರ್ಷ ಆತನ ಆಟಗಳನ್ನು ಅರೆದು ಕುಡಿದು, ಆತ ಸುಲಭಕ್ಕೆ ಎಡವುವವನಲ್ಲ ಎಂದು ಕಲಿತು ಬಂದಿದ್ದರು. ಆ ಕಲಿಕೆಯೇ ಅಂದು ಕಣ್ಣಿಗೆ ಅಡ್ಡ ಬಂತು. ನಮ್ಮಲ್ಲಿ ಹಿರಿಯ ವಕೀಲರು ಬರೆದ ಕಾಗದಕ್ಕೆ ಓದದೆ ಸಹಿ ಹಾಕುವುದು, ದೊಡ್ಡ ಡಾಕ್ಟರು ಹೇಳಿದರೆ ಎರಡನೇ ಮಾತಾಡದೆ ತಲೆ ಆಡಿಸುವುದು ಇದೇ ಜಾತಿಗೆ ಸೇರಿದ್ದು. ಗೌರವದ ಜೊತೆಗೇ ಒಂದಿಷ್ಟು ಸೋಮಾರಿತನವೂ ಸದ್ದಿಲ್ಲದೆ ಒಳಗೆ ಬರುತ್ತದೆ.

ನೋಡುತ್ತಿದ್ದ ನಮ್ಮ ಬಗ್ಗೆಯೂ ಒಂದು ಮಾತು ಹೇಳಬೇಕು. ಬಿದ್ದವನಿಗೆ ಆಳಿಗೊಂದು ಕಲ್ಲು. ಅಂದು ಎಷ್ಟು ಕಲ್ಲು ಬಿದ್ದವು! ‘ಇಷ್ಟು ಸುಲಭದ್ದು ಕಾಣಲಿಲ್ಲವೇ’ ಎಂದವರಲ್ಲಿ ಬಹಳ ಮಂದಿಗೆ ಅದನ್ನು ತೋರಿಸಿಕೊಟ್ಟದ್ದು ಎಂಜಿನ್ ಎಂದು ಕರೆಯುವ ಕಂಪ್ಯೂಟರ್ ಪ್ರೋಗ್ರಾಂ. ಪರದೆಯ ಮೂಲೆಯಲ್ಲಿ ಅಂಕಿ ದಿಢೀರನೆ ಜಿಗಿಯಿತು, ಆಗ ಎಲ್ಲರೂ ಹಲಗೆ ನೋಡಿದರು. ಹಿಂದೆ ದೊಡ್ಡವರ ಆಟ ನೋಡಲು ಕೂರುವುದೆಂದರೆ ನಮಗೆ ಅರ್ಥವಾಗದ್ದು ಬಹಳ ಇದೆ ಎಂದು ಒಪ್ಪಿಕೊಂಡೇ ಕೂರುವುದಾಗಿತ್ತು. ಒಬ್ಬ ಮಾಸ್ಟರ್ ಬಂದು ‘ಇಲ್ಲೇನೋ ಇದ್ದಂತಿದೆ’ ಎನ್ನುವವರೆಗೆ ಸಭಾಂಗಣಕ್ಕೆ ಸಭಾಂಗಣವೇ ಕತ್ತಲಲ್ಲಿರುತ್ತಿತ್ತು. ಈಗ ಎಂಜಿನ್‌ನ ಜ್ಞಾನವನ್ನು ನಮ್ಮ ಕಣ್ಣಿನ ಖಾತೆಗೆ ಜಮಾ ಮಾಡಿಕೊಂಡು ವಿಶ್ವ ಚಾಂಪಿಯನ್ನರನ್ನು ನೋಡಿ ನಗುತ್ತೇವೆ. ಆ ಅಂಕಿ ಮುಚ್ಚಿಟ್ಟು ಅದೇ ಆಟವನ್ನು ಮೊದಲಿಂದ ತೋರಿಸಿದ್ದರೆ 26ನೇ ನಡೆಯಲ್ಲಿ ನಮ್ಮಲ್ಲಿ ಎಷ್ಟು ಜನ ‘ನಿಲ್ಲಿ’ ಎನ್ನುತ್ತಿದ್ದೆವು?

ಪಾನ್ ತಳ್ಳಿದ ಕೂಡಲೇ ಆನಂದ್‌ಗೂ ಎಲ್ಲ ಕಂಡಿತು. ಅಲ್ಲಿಂದ ಮುಂದೆ ಅವರು ಕಾರ್ಲ್‌ಸನ್ ಜೊತೆ ಮಾತ್ರ ಆಡುತ್ತಿರಲಿಲ್ಲ, ಕೈಬಿಟ್ಟ ಆ ನಡೆಯ ಜೊತೆಗೂ ಆಡುತ್ತಿದ್ದರು. ಸ್ಥಿತಿ ಆಗಲೂ ಸೋತದ್ದಾಗಿರಲಿಲ್ಲ. ಆದರೆ ಹನ್ನೆರಡೇ ನಡೆಗಳಲ್ಲಿ ಎಲ್ಲ ಕುಸಿಯಿತು. ಜಿಗಿಯಬೇಕಿದ್ದ ಆ ಕುದುರೆ ಏಳು ನಡೆ ಅಲ್ಲೇ ಕೂತಿದ್ದು, 33ನೇ ನಡೆಯಲ್ಲಿ ಕಾರ್ಲ್‌ಸನ್ ಅವರ ಒಂಟೆಗೆ ಬಲಿಯಾಯಿತು. ಅದರ ಬದಲು ತಳ್ಳಿದ್ದ ಪಾನ್ ಇನ್ನೊಂದು ಹೆಜ್ಜೆ ಇಟ್ಟು ಎ3ರಲ್ಲಿ ನಿಂತಿತ್ತು, 36ರಲ್ಲಿ ಅದೂ ಹೋಯಿತು. 38ನೇ ನಡೆಗೆ ಆನಂದ್ ಸೋಲೊಪ್ಪಿಕೊಂಡರು. ಬರಬೇಕಿದ್ದ ಒಂದು ಪಾಯಿಂಟ್ ಆ ಕಡೆಗೆ ಹೋದರೆ ನಷ್ಟ ಒಂದಲ್ಲ, ಎರಡು. ಅದಾದ ಮೇಲೆ ಇಬ್ಬರೂ ಒಂದೇ ಮೇಜಿನ ಹಿಂದೆ ಪತ್ರಕರ್ತರ ಮುಂದೆ ಕೂರಬೇಕು, ಕಣ್ತಪ್ಪಿದ ನಡೆಯ ಬಗ್ಗೆಯೇ ಉತ್ತರಿಸಬೇಕು. ಆನಂದ್ ದನಿ ಏರಿಸದೆ ಉತ್ತರಿಸಿದರು. ಕಾರ್ಲ್‌ಸನ್ ತಾನು ಅದೃಷ್ಟವಂತ ಎಂದು ಒಪ್ಪಿಕೊಂಡರು.

ಒಂದು ದಿನ ಬಿಡುವು. 17ರಂದು ಏಳನೇ ಆಟ. ಪಂದ್ಯದ ನಡುವೆ ಬಣ್ಣದ ಸರದಿ ತಿರುಗುವ ನಿಯಮ ಇದ್ದುದರಿಂದ ಆನಂದ್‌ಗೆ ಸತತ ಎರಡನೇ ಸಲ ಕಪ್ಪು ಕಾಯಿ. ಈ ಆಟದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ, ಮೂರ್ಛೆ ಹೋಗುವಂಥ ಘಟನೆ ಇದರಲ್ಲಿ ಇಲ್ಲ ಎಂಬ ಕಾರಣಕ್ಕೋ ಏನೋ. ನನಗಂತೂ ಇದು ಆರನೆಯದಕ್ಕಿಂತ ದೊಡ್ಡ ಆಟ. ಇಕ್ಕಟ್ಟಿಗೆ ಸಿಕ್ಕ ಆನಂದ್ ಒಂಟೆಯನ್ನು ಕೊಟ್ಟು ಎರಡು ಪಾನ್ ಪಡೆದರು. ಒಂದು ಕಾಯಿ ಕಮ್ಮಿ ಇಟ್ಟುಕೊಂಡು, ಸುಸ್ತಾಗುವುದನ್ನೇ ಅರಿಯದ ಕಾರ್ಲ್‌ಸನ್ ಎದುರು, ಆರು ಗಂಟೆಗೂ ಮೀರಿ ಕೂತರು. ಕಾರ್ಲ್‌ಸನ್ ಒಂದು ಬದಿಯಿಂದ ಅದುಮಿ ನೋಡಿದರು, ಇನ್ನೊಂದು ಬದಿಯಿಂದ ಅದುಮಿ ನೋಡಿದರು. ಎಲ್ಲಾದರೂ ಒಮ್ಮೆ, ಒಂದೇ ಒಂದು ನಿಮಿಷ, ಆನಂದ್‌ಗೆ ಏನಾದರೂ ಕಾಣದೆ ಹೋಗಲಿ ಎಂದು ಕಾದರು. 122 ನಡೆಗಳಾದವು. ಡ್ರಾ. ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಅದಕ್ಕಿಂತ ಉದ್ದದ ಆಟ ಆವರೆಗೆ ಒಂದೇ ನಡೆದಿತ್ತು, 1978ರ ಕಾರ್ಪೋವ್–ಕೊರ್ಚ್‌ನೊಯ್ ಪಂದ್ಯದಲ್ಲಿ, 124 ನಡೆಗಳದ್ದು.

ಪಂದ್ಯವನ್ನು ಮಾತ್ರ ಅದು ಉಳಿಸಲಿಲ್ಲ. 23ರಂದು ಹನ್ನೊಂದನೇ ಆಟದಲ್ಲಿ ಆನಂದ್ ಗೆಲ್ಲಲೇಬೇಕೆಂದು ಆನೆ ಕೊಟ್ಟು ಒಂಟೆ ಪಡೆಯುವ ಸಾಹಸಕ್ಕೆ ಕೈಹಾಕಿ ಸೋತರು. ಆರೂವರೆ–ನಾಲ್ಕೂವರೆ, ಪಟ್ಟ ಕಾರ್ಲ್‌ಸನ್ ಬಳಿಯೇ ಉಳಿಯಿತು.

ಆರನೇ ಆಟದ ಆ ಸ್ಥಿತಿ ಈಗ ಮಕ್ಕಳಿಗೆ ಅಭ್ಯಾಸಕ್ಕೆ ಕೊಡುವ ಒಗಟಾಗಿದೆ. ಚಿತ್ರದ ಕೆಳಗೆ ‘ಕಪ್ಪು ಆಡಿ ಗೆಲ್ಲಬೇಕು’ ಎಂದಿರುತ್ತದೆ. ಚುರುಕಾದ ಹತ್ತು ವರ್ಷದ ಹುಡುಗಿ ಕುದುರೆಯ ಮೇಲೆ ಬೆರಳಿಟ್ಟು ತೋರಿಸಿಬಿಡುತ್ತಾಳೆ. ತೋರಿಸಬೇಕಾದದ್ದೇ. ಆ ಒಂದು ಸಾಲು ಅವಳಿಗೆ ಅರ್ಧ ಕೆಲಸ ಮಾಡಿಕೊಟ್ಟಿದೆ: ಇಲ್ಲಿ ಏನೋ ಇದೆ, ಹುಡುಕು ಎಂದು ಹೇಳಿದೆ. ಸೋಚಿಯ ಹಲಗೆಯ ಕೆಳಗೆ ಆ ಸಾಲು ಇರಲಿಲ್ಲ. ನಮ್ಮ ಊರುಗಳ ಚೆಸ್ ತರಬೇತಿ ಶಿಬಿರಗಳಲ್ಲಿ ಯಾರಾದರೂ ಮೇಷ್ಟರು ಈ ಒಗಟನ್ನು ಬೇರೆ ಬಗೆಯಲ್ಲಿ ಕೊಟ್ಟು ನೋಡಬೇಕು. ಇಪ್ಪತ್ತು ಚಿತ್ರಗಳಿರಲಿ. ಹತ್ತೊಂಬತ್ತರಲ್ಲಿ ವಿಶೇಷವೇನೂ ಇರಬಾರದು, ಪಾನ್ ತಳ್ಳಿದರೂ ನಡೆಯುವಂಥವು. ನಡುವೆ ಎಲ್ಲೋ ಇದೊಂದು. ಕೆಳಗೆ ಯಾವ ಸಾಲೂ ಬೇಡ, ‘ನಿಮ್ಮ ನಡೆ ಬರೆಯಿರಿ’ ಎಂದಷ್ಟೇ ಇರಲಿ. ಎಷ್ಟು ಹಾಳೆಗಳ ಮೇಲೆ ಕುದುರೆ ಬರುತ್ತದೆ, ಎಷ್ಟರ ಮೇಲೆ ಅಂಚಿನ ಪಾನ್ ಬರುತ್ತದೆ ಎಂದು ಎಣಿಸಿದ ಮೇಲೆ, ಆ ಆಟದ ಕಥೆಯನ್ನು ಮಕ್ಕಳಿಗೆ ಹೇಳಲಿ.